ಎರಡನೆಯ ಬೇಸ್ ಡ್ರಮ್: ಜೋಡಿ ಕೂಡಿಸುವ ಮುನ್ನ ಒಂದಿಷ್ಟು ಇತಿಹಾಸ

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳ ಮನೆಗಳಲ್ಲಿ ಹಾರ್ಮೋನಿಯಂ, ತಬಲಾ, ಮೃದಂಗಗಳ ಪಕ್ಕದಲ್ಲಿ ಡ್ರಮ್ ಕಿಟ್ಟಿಗೂ ಈಗ ಜಾಗ ದೊರೆತಿದೆ. ಶಾಲೆಯಲ್ಲಿ ಕಲಿಯತೊಡಗಿದ ಮಕ್ಕಳು ಯುಗಾದಿ, ರಾಜ್ಯೋತ್ಸವಗಳ ವೇದಿಕೆಯ ಮೇಲೆ ಅದನ್ನು ನುಡಿಸುತ್ತಿದ್ದಾರೆ. ಕೈ ಪಳಗಿದ ಮೇಲೆ ಕಾಲೂ ಪಳಗಬೇಕೆಂಬ ಆಸೆ ಹುಟ್ಟುವುದು ಸಹಜ. ಹಾಗಾಗಿ ಹಲವು ತಂದೆತಾಯಿಯರ ಮುಂದೆ ಈಗ ಒಂದೇ ಬೇಡಿಕೆ ನಿಂತಿದೆ: ಇರುವ ಕಿಟ್ಟಿಗೆ ಇನ್ನೊಂದು ಬೇಸ್ ಡ್ರಮ್ ಕೂಡಿಸಬೇಕು. ಕಿಟ್ಟು ಬಹುಪಾಲು ಹಳೆಯದು, ಇನ್ನೊಬ್ಬರಿಂದ ಕೊಂಡದ್ದು. ಅದರ ಬಣ್ಣ ಅಂಗಡಿಗಳಲ್ಲಿ ಈಗ ಸಿಗುವುದಿಲ್ಲ. ಅದೇ ಕಂಪನಿಯದೇ ಬೇಕೇ, ಅದೇ ಅಳತೆಯದೇ ಬೇಕೇ, ಬಣ್ಣ ಬೇರೆಯಾದರೆ ನಡೆದೀತೇ ಎಂಬ ಪ್ರಶ್ನೆಗಳು ನಮ್ಮ ಸಾಂಸ್ಕೃತಿಕ ಸಮಿತಿಗೂ ಬಂದಿವೆ.

ಇದು ಹಣದ ಪ್ರಶ್ನೆಯಂತೆ ಕಂಡರೂ ಇದರ ಉತ್ತರ ಇತಿಹಾಸದಲ್ಲಿದೆ. ಒಂದು ಬೇಸ್ ಡ್ರಮ್ಮಿನ ಪಕ್ಕದಲ್ಲಿ ಇನ್ನೊಂದು ಏಕೆ ಬಂದಿತು, ಬಂದವರೆಲ್ಲ ಅದನ್ನು ಯಾವ ಕೆಲಸಕ್ಕೆ ಬಳಸಿದರು ಎಂಬುದನ್ನು ಅರಿತರೆ ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಯಾವುದೆಂದು ತಾನಾಗಿ ತಿಳಿಯುತ್ತದೆ.

ತುರ್ಕರ ದಂಡಿನಿಂದ ಲಂಡನ್ನಿನ ಸಭಾಂಗಣಕ್ಕೆ

ಬೇಸ್ ಡ್ರಮ್ಮಿನ ಪೂರ್ವಜ ಆಟೊಮನ್ ತುರ್ಕರ ದಂಡಿನ ಮೇಳದಲ್ಲಿದ್ದ ದಾವುಲ್ ಎಂಬ ವಾದ್ಯ. ಎರಡು ಮುಖಗಳ ಆ ವಾದ್ಯವನ್ನು ಹೆಗಲಿಗೆ ತೂಗುಹಾಕಿಕೊಂಡು ಒಂದು ಮುಖಕ್ಕೆ ದಪ್ಪನೆಯ ಕೋಲಿನಿಂದಲೂ ಇನ್ನೊಂದಕ್ಕೆ ತೆಳ್ಳನೆಯ ಕಡ್ಡಿಯಿಂದಲೂ ಬಡಿಯುತ್ತಿದ್ದರು. ನಮ್ಮ ಡೊಳ್ಳನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವಲ್ಲ. ಡೊಳ್ಳಿನಲ್ಲಿಯೂ ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ.

18ನೇ ಶತಮಾನದಲ್ಲಿ ಯುರೋಪಿನ ಅರಮನೆಗಳು ಈ ದಂಡಿನ ಸಂಗೀತಕ್ಕೆ ಮನಸೋತವು. 1782ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡ ಮೊಜಾರ್ಟನ ಒಪೆರಾ ಒಂದರಲ್ಲಿ ತುರ್ಕಿಯ ಕಥೆಗೆ ತಕ್ಕಂತೆ ದೊಡ್ಡ ಡ್ರಮ್, ತಾಳ, ತ್ರಿಕೋನಗಳು ಮೊಳಗಿದವು. 1794ರಲ್ಲಿ ಲಂಡನ್ನಿನ ಹ್ಯಾನೋವರ್ ಸ್ಕ್ವೇರ್ ಸಭಾಂಗಣದಲ್ಲಿ ಹೈಡನ್ ತನ್ನ 100ನೆಯ ಸಿಂಫನಿಯನ್ನು ಕೇಳಿಸಿದಾಗ ಅದೇ ವಾದ್ಯಗಳ ಅಬ್ಬರದಿಂದಾಗಿ ಅದಕ್ಕೆ 'ಮಿಲಿಟರಿ' ಎಂಬ ಹೆಸರೇ ಅಂಟಿಕೊಂಡಿತು. ಆ ಕಾಲದಲ್ಲಿ ಬೇಸ್ ಡ್ರಮ್ ನುಡಿಸಲೆಂದೇ ಒಬ್ಬನಿರುತ್ತಿದ್ದ, ಸ್ನೇರ್ ಡ್ರಮ್ಮಿಗೆ ಮತ್ತೊಬ್ಬ, ತಾಳಕ್ಕೆ ಮಗದೊಬ್ಬ.

ಮೂವರ ಕೆಲಸ ಒಬ್ಬನ ಹೆಗಲಿಗೆ

19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ನಾಟಕಶಾಲೆಗಳಲ್ಲಿ ಮೂವರಿಗೆ ಸಂಬಳ ಕೊಡುವಷ್ಟು ಹಣವೂ ಇರಲಿಲ್ಲ, ಅವರನ್ನು ಕೂರಿಸುವಷ್ಟು ಜಾಗವೂ ಇರಲಿಲ್ಲ. ಒಬ್ಬನೇ ವಾದಕ ಸ್ನೇರನ್ನು ಕುರ್ಚಿಯ ಮೇಲಿಟ್ಟುಕೊಂಡು, ಬೇಸ್ ಡ್ರಮ್ಮನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದೇ ಜೊತೆ ಕೋಲುಗಳಿಂದ ಎರಡನ್ನೂ ಬಡಿಯತೊಡಗಿದ. ಕೈಗೆ ಬಿಡುವಿಲ್ಲದಾದಾಗ ಕಾಲಿನ ನೆನಪಾಯಿತು. 1890ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಡೀ ಡೀ ಚಾಂಡ್ಲರ್ ಎಂಬ ವಾದಕ ಮರದ ಮೆಟ್ಟು ಮಾಡಿಕೊಂಡು ಕಾಲಿನಿಂದ ಬೇಸ್ ಡ್ರಮ್ ನುಡಿಸಿದವರಲ್ಲಿ ಮೊದಲಿಗನೆಂದು ಹೆಸರಾದ.

1909ರಲ್ಲಿ ಶಿಕಾಗೋ ನಗರದ ವಾದಕ ವಿಲಿಯಂ ಲುಡ್ವಿಗ್, ಅಂದಿನ ರ‍್ಯಾಗ್‌ಟೈಮ್ ಸಂಗೀತದ ವೇಗಕ್ಕೆ ಇರುವ ಮೆಟ್ಟುಗಳು ಸಾಲವೆಂದು ಕಂಡು, ಚುರುಕಾಗಿ ಹಿಂದಕ್ಕೆ ಚಿಮ್ಮುವ ಹೊಸ ಪೆಡಲ್ ಒಂದನ್ನು ರೂಪಿಸಿದ. ತಮ್ಮ ಥಿಯೊಬಾಲ್ಡನೊಡನೆ ಸೇರಿ ಅದನ್ನು ತಯಾರಿಸಿ ಮಾರಲು ಲುಡ್ವಿಗ್ ಅಂಡ್ ಲುಡ್ವಿಗ್ ಕಂಪನಿಯನ್ನು ತೆರೆದ. ಆ ತಮ್ಮ 1918ರ ಇನ್‌ಫ್ಲುಯೆಂಜಾ ಪಿಡುಗಿಗೆ ಬಲಿಯಾದ. ವೈದ್ಯವೃತ್ತಿಯಲ್ಲಿರುವ ನಮಗೆ ಡ್ರಮ್ಮಿನ ಚರಿತ್ರೆಯ ಈ ಸಾಲು ಬಳಿ ಬಂದಾಗಲೆಲ್ಲ ಒಂದು ಕ್ಷಣ ನಿಲ್ಲುವಂತಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಡ್ರಮ್ ಕಿಟ್ ಹುಟ್ಟಿದ್ದು ಬೇರೆ ಬೇರೆ ಕಡೆಯಿಂದ ತಂದ ವಾದ್ಯಗಳನ್ನು ಒಬ್ಬನ ಸುತ್ತ ಜೋಡಿಸಿದ್ದರಿಂದ. ದಂಡಿನಿಂದ ಬಂದ ಸ್ನೇರ್, ತುರ್ಕಿಯ ತಾಳ, ಚೀನೀಯರ ಪುಟ್ಟ ಟಾಮ್ ಎಲ್ಲವೂ ಅದರಲ್ಲಿದ್ದವು. ಒಂದೇ ಬಣ್ಣದ, ಒಂದೇ ಹೊದಿಕೆಯ ಕಿಟ್ ಎಂಬ ಕಲ್ಪನೆ ಬಲಗೊಂಡದ್ದು 1930ರ ದಶಕದಲ್ಲಿ. ಬೆನ್ನಿ ಗುಡ್‌ಮನ್ನನ ಮೇಳದಲ್ಲಿದ್ದ ಜೀನ್ ಕ್ರೂಪಾ ಮುತ್ತಿನ ಬಿಳುಪಿನ ಹೊದಿಕೆಯ ಸ್ಲಿಂಗರ್‌ಲ್ಯಾಂಡ್ ಕಿಟ್ಟಿನ ಹಿಂದೆ ಕುಳಿತು 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ನುಡಿಸಿದಾಗ, ವಾದಕನಂತೆಯೇ ಅವನ ಕಿಟ್ಟೂ ನೋಡುಗರ ಕಣ್ಣು ಸೆಳೆಯುವ ವಸ್ತುವಾಗಿತ್ತು. ಬಣ್ಣ ಹೊಂದಲೇಬೇಕೆಂಬ ನಮ್ಮ ಚಿಂತೆಗೆ ಇನ್ನೂ ನೂರು ವರ್ಷ ತುಂಬಿಲ್ಲ.

ಎರಡನೆಯದು ಬಂದ ಬಗೆ

ಮೂವರ ಕೆಲಸವನ್ನು ಒಬ್ಬನಿಗೆ ಒಪ್ಪಿಸಿದ ಮೇಲೂ ವಾದಕನ ಎಡಗಾಲು ತಾಳದ ಜೋಡಿಯಾದ ಹೈ-ಹ್ಯಾಟನ್ನು ಮುಚ್ಚಿ ತೆರೆಯುವುದರಲ್ಲಷ್ಟೇ ತೊಡಗಿತ್ತು. ಆ ಕಾಲಿಗೂ ಒಂದು ಬೇಸ್ ಡ್ರಮ್ ಕೊಟ್ಟರೇನು ಎಂದು ಯೋಚಿಸಿದವನು ಲೂಯಿ ಬೆಲ್ಸನ್. ಶಾಲಾ ಬಾಲಕನಾಗಿದ್ದಾಗಲೇ ಅವನು ಎರಡು ಬೇಸ್ ಡ್ರಮ್ಮುಗಳ ಕಿಟ್ಟಿನ ಚಿತ್ರ ಬರೆದಿದ್ದ. 1946ರಲ್ಲಿ ಗ್ರೆಚ್ ಕಂಪನಿ ಅದನ್ನು ಮಾಡಿಕೊಟ್ಟಿತು. 1951ರಲ್ಲಿ ಡ್ಯೂಕ್ ಎಲಿಂಗ್ಟನ್ನನ ಮೇಳ ಸೇರಿದ ಮೇಲೆ ಅವನ ಜೋಡಿ ಡ್ರಮ್ಮುಗಳು ಊರೂರು ಸುತ್ತಿದವು. ದೊಡ್ಡ ಹಿತ್ತಾಳೆ ವಾದ್ಯಗಳ ಮೇಳಕ್ಕೆ ಎದುರಾಗಿ ನಿಲ್ಲುವ ಗುಡುಗು ಅಲ್ಲಿ ಬೇಕಾಗಿತ್ತು.

ಅದೇ ದಶಕದಲ್ಲಿ ಇನ್ನೊಂದು ಧಾರೆ ತದ್ವಿರುದ್ಧ ದಿಕ್ಕಿಗೆ ಹರಿಯಿತು. ಸಣ್ಣ ಜಾಜ್ ಮೇಳಗಳಲ್ಲಿ ಲಯ ಹಿಡಿಯುವ ಹೊಣೆ ತಾಳಕ್ಕೆ ಹೋಯಿತು. ಬೇಸ್ ಡ್ರಮ್ ನಡುನಡುವೆ ಒಂದು ಮಾತು ಸೇರಿಸುವ ವಾದ್ಯವಾಯಿತು. 1920ರ ದಶಕದಲ್ಲಿ 28 ಇಂಚು ಅಗಲವಿದ್ದ ಬೇಸ್ ಡ್ರಮ್ ಕುಗ್ಗುತ್ತಾ ಬಂದು ಕೊನೆಗೆ 18 ಇಂಚಿಗೂ ಇಳಿಯಿತು. 1963ರಲ್ಲಿ ಮೈಲ್ಸ್ ಡೇವಿಸನ ಮೇಳ ಸೇರಿದ ಹದಿಹರೆಯದ ಟೋನಿ ವಿಲಿಯಮ್ಸ್ ಅಂಥ ಪುಟ್ಟ ಡ್ರಮ್ಮಿನಿಂದಲೇ ಹೆಸರಾದ.

ಬ್ರಿಟನ್ನಿನ ಅಧ್ಯಾಯ ಶುರುವಾಗುವುದು 1966ರಲ್ಲಿ. ಎಲಿಂಗ್ಟನ್ನನ ಮೇಳದ ಕಛೇರಿಯಲ್ಲಿ ಸ್ಯಾಮ್ ವುಡ್‌ಯಾರ್ಡ್ ಎರಡು ಬೇಸ್ ಡ್ರಮ್ ನುಡಿಸಿದ್ದನ್ನು ಕಂಡು ತಾನೂ ಕೀತ್ ಮೂನನೂ ಮರುಳಾದೆವೆಂದು ಜಿಂಜರ್ ಬೇಕರ್ ಮುಂದೆ ಹೇಳಿಕೊಂಡಿದ್ದಾನೆ. ಮೂನ್ ಇಲ್ಲಿಯದೇ ಆದ ಪ್ರೀಮಿಯರ್ ಕಂಪನಿಯ ಎರಡು ಕಿಟ್ಟುಗಳನ್ನು ಕೂಡಿಸಿ ಒಂದು ಮಾಡಿಕೊಂಡ. ಅವನ 1967ರ ಹೆಸರಾಂತ ಚಿತ್ರಖಚಿತ ಕಿಟ್ಟಿನಲ್ಲಿ 22 ಇಂಚಿನ ಎರಡು ಸಮಾನ ಬೇಸ್ ಡ್ರಮ್ಮುಗಳಿದ್ದವು. ಬೇಕರ್ ಲುಡ್ವಿಗ್ ಕಂಪನಿಯಿಂದ ತರಿಸಿಕೊಂಡ ಕಿಟ್ಟಿನಲ್ಲಿ ಹಾಗಿರಲಿಲ್ಲ. ಒಂದು 22 ಇಂಚಿನದು, ಇನ್ನೊಂದು 20 ಇಂಚಿನದು. ಹೊದಿಕೆ ಒಂದೇ, ದನಿ ಎರಡು. ಒಂದೇ ಊರಿನಲ್ಲಿ, ಒಂದೇ ವರ್ಷದ ಆಸುಪಾಸಿನಲ್ಲಿ, ಒಂದೇ ಕಛೇರಿಯಿಂದ ಸ್ಫೂರ್ತಿ ಪಡೆದ ಇಬ್ಬರು ಗೆಳೆಯರು 'ಜೋಡಿ' ಎಂಬ ಮಾತಿಗೆ ಎರಡು ಬೇರೆ ಅರ್ಥಗಳನ್ನು ಕೊಟ್ಟರು.

ಸಮಜೋಡಿ, ಪೂರಕಜೋಡಿ

ನಮ್ಮ ಇಡೀ ವಿಚಾರ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಮೂನನದು ಸಮಜೋಡಿ: ಎಡಗಾಲು ಮೆಟ್ಟಿದರೂ ಬಲಗಾಲು ಮೆಟ್ಟಿದರೂ ಕಿವಿಗೆ ಒಂದೇ ದನಿ. ಬೇಕರನದು ಪೂರಕಜೋಡಿ: ಎರಡು ಕಾಲುಗಳು ಎರಡು ಮಾತು ಆಡುತ್ತವೆ.

ಎರಡನೆಯ ಬಗೆ ಭಾರತೀಯ ಕಿವಿಗೆ ಹೊಸದಲ್ಲ. ತಬಲಾ-ಡಗ್ಗ ಜೋಡಿಯೇ ಆದರೂ ಎರಡೂ ಒಂದೇ ಆಗಿದ್ದರೆ ತಬಲಾವಾದನವೇ ಇರುತ್ತಿರಲಿಲ್ಲ. ಕಛೇರಿಗೆ ಹೊರಡುವ ಘಟವಾದಕ ಮನೆಯಲ್ಲಿರುವ ಹಲವು ಘಟಗಳಿಂದ ಗಾಯಕರ ಶ್ರುತಿಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತಾನೆ. ಮಡಕೆಯ ಶ್ರುತಿಯನ್ನು ಹೆಚ್ಚು ಬದಲಿಸಲಾಗದಾದ್ದರಿಂದ ಆಯ್ಕೆಯೇ ಅಲ್ಲಿ ಶ್ರುತಿ ಮಾಡುವ ಕೆಲಸ. ಅವನು ನೋಡುವುದು ಮಡಕೆಯ ಬಣ್ಣವನ್ನಲ್ಲ.

ಈ ಎರಡು ಲೋಕಗಳು ಒಂದನ್ನೊಂದು ಮುಟ್ಟಿದ್ದೂ ಉಂಟು. 1971ರಲ್ಲಿ ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಬಿಲ್ಲಿ ಕೋಭಮ್ ಎರಡು ಬೇಸ್ ಡ್ರಮ್ಮುಗಳನ್ನು ಮಿಂಚಿನ ವೇಗದಲ್ಲಿ ನುಡಿಸಿದ. ಅದೇ ಮೆಕ್‌ಲಾಫ್ಲಿನ್ ಕೆಲವೇ ವರ್ಷಗಳಲ್ಲಿ ಶಕ್ತಿ ಮೇಳವನ್ನು ಕಟ್ಟಿದಾಗ ಡ್ರಮ್ ಕಿಟ್ಟಿನ ಜಾಗದಲ್ಲಿ ಜಾಕಿರ್ ಹುಸೇನರ ತಬಲಾವೂ ವಿನಾಯಕರಾಮರ ಘಟವೂ ಇದ್ದವು. ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಮುಂದೆ ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ನುಡಿಸಿ ಧ್ವನಿಮುದ್ರಣಗಳನ್ನು ಹೊರತಂದಿತು. ನಮ್ಮ ಮಕ್ಕಳು ವೇದಿಕೆಯ ಮೇಲೆ ಮೃದಂಗದ ಪಕ್ಕದಲ್ಲಿ ಡ್ರಮ್ ಕಿಟ್ ಇಡುವಾಗ ತುಳಿಯುತ್ತಿರುವುದು ಹೊಸ ಹಾದಿಯನ್ನಲ್ಲ.

ಆದುದರಿಂದ ಮೊದಲ ಪ್ರಶ್ನೆ: ಬೇಕಾಗಿರುವುದು ಸಮಜೋಡಿಯೇ, ಪೂರಕಜೋಡಿಯೇ? ಇದಕ್ಕೆ ಮಗನಾಗಲಿ ಮಗಳಾಗಲಿ ತಾನು ನುಡಿಸಬಯಸುವ ಸಂಗೀತವನ್ನು ಕೇಳಿಸಿಯೇ ಉತ್ತರಿಸಬೇಕು.

ಸಮಜೋಡಿ ಬೇಕಾದರೆ

ಎರಡೂ ಕಾಲುಗಳಿಗೆ ಒಂದೇ ದನಿ ಬೇಕೆನ್ನುವವರಿಗೆ 1980ರ ದಶಕ ಒಂದು ಅಗ್ಗದ ದಾರಿ ತೆರೆಯಿತು. ಒಂದು ದಂಡದಿಂದ ಬೆಸೆದ ಎರಡು ಮೆಟ್ಟುಗಳು ಒಂದೇ ಡ್ರಮ್ಮಿಗೆ ಬಡಿಯುವ ಜೋಡಿ ಪೆಡಲ್ಲಿನ ಯೋಚನೆ ಮೊದಲೇ ಇದ್ದರೂ, 1983ರಲ್ಲಿ ಅಮೆರಿಕದ ಡ್ರಮ್ ವರ್ಕ್‌ಷಾಪ್ ಕಂಪನಿ ತಂದ ಮಾದರಿಯಿಂದ ಅದು ಮನೆಮಾತಾಯಿತು. ಮುಚ್ಚಿಗೆ ಒಂದೇ ಆದ್ದರಿಂದ ಹೊಂದಾಣಿಕೆಯ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಇನ್ನೊಂದು ಡ್ರಮ್ಮಿಗೆ ಜಾಗವೂ ಬೇಕಿಲ್ಲ. ಕಲಿಕೆಯ ಹಂತದಲ್ಲಿರುವ ಮಕ್ಕಳ ತಂದೆತಾಯಿಯರಿಗೆ ನಾವು ಮೊದಲು ಸೂಚಿಸುವುದು ಇದನ್ನೇ.

ಎರಡು ಡ್ರಮ್ಮುಗಳೇ ಬೇಕೆಂದರೆ, ಅದಕ್ಕೂ ಕಾರಣಗಳಿವೆ. ವೇಗವಾಗಿ ನುಡಿಸುವಾಗ ಪ್ರತಿ ಮುಚ್ಚಿಗೆಯೂ ತನ್ನ ದನಿಯನ್ನು ಪೂರ್ತಿ ಬಿಡಲು ಸಮಯ ದೊರೆಯುತ್ತದೆ. ವೇದಿಕೆಯ ಮೇಲೆ ಅದರ ಗಾಂಭೀರ್ಯವೂ ಬೇರೆ. ಆಗ ಹೊಂದಿಸಬೇಕಾದವುಗಳನ್ನು ನಾವು ಈ ಕ್ರಮದಲ್ಲಿ ಇಡುತ್ತೇವೆ.

ಮೊದಲನೆಯದು ಅಗಲ. ಒಂದೇ ಬಗೆಯ ಮುಚ್ಚಿಗೆಯನ್ನು ಒಂದೇ ಬಿಗುವಿನಲ್ಲಿ ಎಳೆದರೂ 20 ಇಂಚಿನ ಡ್ರಮ್ಮು 22 ಇಂಚಿನದಕ್ಕಿಂತ ಒಂದರಿಂದ ಎರಡು ಸ್ವರಸ್ಥಾನಗಳಷ್ಟು ಮೇಲೆ ನುಡಿಯುತ್ತದೆ. ಸಮಜೋಡಿಗೆ ಈ ವ್ಯತ್ಯಾಸ ಸಲ್ಲದು. ಎರಡನೆಯದು ಆಳ. 1960-70ರ ದಶಕಗಳಲ್ಲಿ 14 ಇಂಚಿನ ಆಳ ಸಾಮಾನ್ಯವಾಗಿತ್ತು. ಆಮೇಲೆ 16, 18, 20 ಇಂಚುಗಳಿಗೆ ಬೆಳೆಯಿತು. ಕೆಲವು ಕಂಪನಿಗಳು ಆಳವನ್ನು ಮೊದಲು ಬರೆಯುತ್ತವೆ, ಕೆಲವು ಅಗಲವನ್ನು ಮೊದಲು ಬರೆಯುತ್ತವೆ. ಜಾಹೀರಾತಿನ ಅಂಕಿ ನೋಡಿ ಹಣ ಕಳುಹಿಸದೆ ಅಳತೆಪಟ್ಟಿ ಹಿಡಿದ ಚಿತ್ರವನ್ನು ಕೇಳಬೇಕು. 1960ರ ದಶಕದವರೆಗಿನ ಕೆಲವು ಬ್ರಿಟಿಷ್ ಮತ್ತು ಐರೋಪ್ಯ ಡ್ರಮ್ಮುಗಳ ಅಳತೆ ಇಂದಿನ ಅಳತೆಗಿಂತ ತುಸು ಭಿನ್ನವಿದ್ದು, ಅಂಗಡಿಯಲ್ಲಿ ಸಿಗುವ ಮುಚ್ಚಿಗೆ ಅವುಗಳ ಮೇಲೆ ಕೂರುವುದಿಲ್ಲ.

ಮೂರನೆಯದು ಒಡಲು. ಕಂಪನಿಯ ಹೆಸರು ಒಂದೇ ಆಗಿದ್ದರೆ ಒಡಲೂ ಒಂದೇ ಎಂದು ತಿಳಿಯಬಾರದು. ಲುಡ್ವಿಗ್ ಡ್ರಮ್ಮುಗಳ ಒಡಲು 1970ರ ದಶಕದ ಮಧ್ಯದವರೆಗೆ ಮೂರು ಪದರಗಳದು: ಹೊರಗೂ ಒಳಗೂ ಮೇಪಲ್ ಮರ, ನಡುವೆ ಪಾಪ್ಲರ್ ಮರ, ಅಂಚಿನಲ್ಲಿ ಬಲಕ್ಕೆಂದು ಮರದ ಬಳೆ. ಅನಂತರ ಆರು ಪದರಗಳ ಒಡಲು ಬಂದಿತು, ಬಳೆ ಹೋಯಿತು. ಮುಚ್ಚಿಗೆ ಕೂರುವ ಅಂಚು ಹಳೆಯವುಗಳಲ್ಲಿ ದುಂಡಗೆ, ಹೊಸವುಗಳಲ್ಲಿ ಚೂಪಾಗಿ ಇರುತ್ತದೆ. ದುಂಡಂಚು ದನಿಯನ್ನು ಮೃದುವಾಗಿಸಿ ಬೇಗ ಅಡಗಿಸುತ್ತದೆ, ಚೂಪಂಚು ದನಿಯನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಹೆಸರು ಬೇರೆಯಾದರೂ ಅಂಚೂ ಪದರವೂ ಹೊಂದುವ ಡ್ರಮ್ಮು, ಅದೇ ಹೆಸರಿನ ಬೇರೆ ಕಾಲದ ಡ್ರಮ್ಮಿಗಿಂತ ಒಳ್ಳೆಯ ಜೋಡಿಯಾಗಬಲ್ಲದು.

ನಾಲ್ಕನೆಯದು ಮುಚ್ಚಿಗೆ. ಕರುವಿನ ಚರ್ಮದ ಕಾಲದಲ್ಲಿ ಮಳೆ ಬಂದರೆ ಡ್ರಮ್ಮಿನ ದನಿ ಸೋರಿಹೋಗುತ್ತಿತ್ತು. ಇಲ್ಲಿಯ ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಮೃದಂಗ ಮುನಿಸಿಕೊಳ್ಳುವುದನ್ನು ಕಂಡವರಿಗೆ ಈ ಕಷ್ಟ ಗೊತ್ತು. 1956-57ರಲ್ಲಿ ಅಮೆರಿಕದ ಚಿಕ್ ಇವಾನ್ಸ್ ಮತ್ತು ರೆಮೊ ಬೆಲ್ಲಿ ಪಾಲಿಯೆಸ್ಟರ್ ಹಾಳೆಯ ಮುಚ್ಚಿಗೆಗಳನ್ನು ಮಾರುಕಟ್ಟೆಗೆ ತಂದ ಮೇಲೆ ಎರಡು ಡ್ರಮ್ಮುಗಳನ್ನು ಒಂದೇ ಶ್ರುತಿಯಲ್ಲಿ ನಿಲ್ಲಿಸುವುದು ಸಾಧ್ಯವಾಯಿತು. ಎರಡಕ್ಕೂ ಒಂದೇ ಮಾದರಿಯ ಹೊಸ ಮುಚ್ಚಿಗೆ, ಒಳಗೆ ಒಂದೇ ಅಳತೆಯ ಬಟ್ಟೆ ಅಥವಾ ದಿಂಬು, ಎದುರು ಮುಖದಲ್ಲಿ ರಂಧ್ರವಿದ್ದರೆ ಎರಡರಲ್ಲೂ ಒಂದೇ ಗಾತ್ರದ್ದು: ಕಡಿಮೆ ಖರ್ಚಿನಲ್ಲಿ ಹೆಚ್ಚು ಹೊಂದಾಣಿಕೆ ದೊರೆಯುವುದು ಇಲ್ಲಿಯೇ.

ಕೊನೆಯದು ಬಣ್ಣ. 1964ರ ಫೆಬ್ರುವರಿ 9ರಂದು ಅಮೆರಿಕದ ದೂರದರ್ಶನದಲ್ಲಿ ಸುಮಾರು 7.3 ಕೋಟಿ ಜನ ಬೀಟಲ್ಸ್ ತಂಡವನ್ನು ಕಂಡರು. ರಿಂಗೊ ಸ್ಟಾರನ ಕಪ್ಪು ಮುತ್ತಿನ ಹೊದಿಕೆಯ ಲುಡ್ವಿಗ್ ಕಿಟ್ ಅಂದಿನಿಂದ ಸಾವಿರಾರು ಮಕ್ಕಳ ಕನಸಾಯಿತು. ಆದರೆ ಆ ಹೊದಿಕೆಯ ವಿನ್ಯಾಸ 1970ರ ಹೊತ್ತಿಗೆ ಬದಲಾಗಿತ್ತು. ಬಿಳಿ ಮುತ್ತಿನ ಹೊದಿಕೆ ಹಳೆಯದಾದಂತೆ ಹಳದಿಗೆ ತಿರುಗುತ್ತದೆ, ಮಿನುಗುವ ನೀಲಿ ಹಸಿರಿಗೆ ತಿರುಗುತ್ತದೆ. ಒಂದೇ ದಿನ ಕಾರ್ಖಾನೆಯಿಂದ ಹೊರಬಿದ್ದ ಎರಡು ಡ್ರಮ್ಮುಗಳು ಒಂದು ಕಿಟಕಿಯ ಬಳಿ, ಇನ್ನೊಂದು ಕತ್ತಲ ಕೋಣೆಯಲ್ಲಿ ಐವತ್ತು ವರ್ಷ ಕಳೆದರೆ ಬಣ್ಣದಲ್ಲಿ ಜೋಡಿಯಾಗಿ ಉಳಿಯುವುದಿಲ್ಲ. ಪೂರ್ತಿ ಹೊಂದುವ ಬಣ್ಣಕ್ಕಾಗಿ ವರ್ಷಗಟ್ಟಲೆ ಕಾಯುವ ಬದಲು ಕಪ್ಪು ಅಥವಾ ಸಾದಾ ಮರದ ಬಣ್ಣದ ಡ್ರಮ್ಮನ್ನು ಪಕ್ಕಕ್ಕಿಟ್ಟರೆ ಕಣ್ಣಿಗೆ ಅದು ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಪೂರಕಜೋಡಿ ಬೇಕಾದರೆ

ಹೊಸ ದನಿಯನ್ನೇ ಬಯಸುವವರಿಗೆ ಸ್ವಾತಂತ್ರ್ಯ ಹೆಚ್ಚು. ಇರುವುದು 22 ಇಂಚಿನದಾದರೆ 20 ಅಥವಾ 18 ಇಂಚಿನದನ್ನು ನೋಡಬಹುದು. ಅವು ಹಗುರ, ಬೆಲೆಯೂ ಹಲವು ವೇಳೆ ಕಡಿಮೆ. ಎಡಗಾಲಿನ ಬಳಿ ಹೈ-ಹ್ಯಾಟಿಗೂ ಜಾಗ ಉಳಿಯುತ್ತದೆ. ಆದರೆ ಎರಡರ ನಡುವಿನ ಶ್ರುತಿಯ ಅಂತರ ಕೇಳುಗನಿಗೆ ಸ್ಪಷ್ಟವಾಗಿ ಗೊತ್ತಾಗಬೇಕು. ಗೊತ್ತಾಗಿಯೂ ಆಗದಂಥ ಅಂತರ ಶ್ರುತಿ ತಪ್ಪಿದಂತೆ ಕೇಳಿಸುತ್ತದೆ. ಕೊಳ್ಳುವ ಮುನ್ನ ನಿಮ್ಮ ಡ್ರಮ್ಮನ್ನೇ ಕೊಂಡೊಯ್ದು ಪಕ್ಕದಲ್ಲಿಟ್ಟು ಎರಡನ್ನೂ ನುಡಿಸಿ ನೋಡುವುದು ಉತ್ತಮ.

ಎರಡು ಎಚ್ಚರಿಕೆಗಳು

ಒಂದು, ಹಳೆಯ ಡ್ರಮ್ಮಿಗೆ ಹೊಸ ತೂತು ಕೊರೆಯಬೇಡಿ. ಟಾಮ್ ನಿಲ್ಲಿಸುವ ಕಂಬಕ್ಕೆಂದೋ, ನೆಲಕ್ಕೆ ಊರುವ ಕಾಲುಗಳಿಗೆಂದೋ ಹಿಂದಿನ ಪೀಳಿಗೆಯವರು ಸಲೀಸಾಗಿ ಕೊರೆದ ತೂತುಗಳಿಂದ ಎಷ್ಟೋ ಒಳ್ಳೆಯ ಡ್ರಮ್ಮುಗಳು ಬೆಲೆ ಕಳೆದುಕೊಂಡಿವೆ. ಟಾಮನ್ನು ಬೇರೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಬಹುದು. ಕೊರೆದ ಮರವನ್ನು ಮರಳಿ ತರಲಾಗದು. ನಮ್ಮ ಕೂಟಕ್ಕೆ ಸದಸ್ಯರೊಬ್ಬರು ಕೊಟ್ಟಿರುವ ಹಳೆಯ ಕಿಟ್ಟಿನ ಬಗೆಗೂ ಸಮಿತಿಗೆ ನಾವು ಇದನ್ನೇ ಹೇಳಿದ್ದೇವೆ: ಕೂಡಿಸುವುದೇನಿದ್ದರೂ ಹೊರಗಿನಿಂದ ಕೂಡಲಿ, ಮೂಲ ಡ್ರಮ್ಮು ಮುಂದಿನ ಮಕ್ಕಳಿಗೆ ಹಾಗೆಯೇ ದಾಟಲಿ.

ಎರಡು, ಕಿವಿ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬ್ರಿಟನ್ನಿನ 2005ರ ಶಬ್ದ ನಿಯಂತ್ರಣ ನಿಯಮಗಳು ದಿನದ ಸರಾಸರಿ 85 ಡೆಸಿಬೆಲ್ ತಲುಪಿದರೆ ಕೆಲಸಗಾರರಿಗೆ ಕಿವಿರಕ್ಷೆ ಕಡ್ಡಾಯವೆನ್ನುತ್ತವೆ. ಈ ನಿಯಮಗಳು 2008ರಿಂದ ಸಂಗೀತರಂಗಕ್ಕೂ ಅನ್ವಯಿಸುತ್ತವೆ. ಶಬ್ದ 3 ಡೆಸಿಬೆಲ್ ಏರಿದಾಗಲೆಲ್ಲ ಅದರ ಶಕ್ತಿ ಇಮ್ಮಡಿಯಾಗುವುದರಿಂದ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ಡ್ರಮ್ ಕಿಟ್ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಅಭ್ಯಾಸದ ನಂತರ ಮಗು ಕಿವಿಯಲ್ಲಿ ಗುಂಯ್ ಎನ್ನುತ್ತಿದೆ ಎಂದರೆ ಅದನ್ನು ಲಘುವಾಗಿ ಕಾಣಬೇಡಿ. ಎರಡನೆಯ ಡ್ರಮ್ಮಿಗೆ ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ವಾದಕರ ಕಿವಿರಕ್ಷೆಗೆ ಸಲ್ಲಲಿ. ಗೋಡೆ ಹಂಚಿಕೊಂಡ ಸಾಲುಮನೆಗಳಲ್ಲಿ ಕೆಳಸ್ಥಾಯಿಯ ದನಿ ನೆಲ ಗೋಡೆಗಳ ಮೂಲಕ ನೆರೆಮನೆಗೆ ಹರಿಯುವುದರಿಂದ ಡ್ರಮ್ಮಿನ ಅಡಿಗೆ ದಪ್ಪನೆಯ ರಬ್ಬರ್ ಹಾಸನ್ನೂ, ಅಭ್ಯಾಸದ ವೇಳೆಯ ಬಗೆಗೆ ನೆರೆಯವರೊಡನೆ ಒಂದು ಮಾತನ್ನೂ ಮರೆಯದಿರಿ.

ಬರುವ ರಾಜ್ಯೋತ್ಸವದ ತಾಲೀಮಿಗೆ ಎರಡನೆಯ ಬೇಸ್ ಡ್ರಮ್ ತರಬಯಸುವ ಕುಟುಂಬಗಳು ತಮ್ಮ ಕಿಟ್ಟಿನ ಬೇಸ್ ಡ್ರಮ್ಮಿನ ಅಗಲ, ಆಳ, ಒಡಲಿನ ಪದರಗಳ ಸಂಖ್ಯೆ, ಮುಚ್ಚಿಗೆಯ ಮಾದರಿ ಈ ನಾಲ್ಕನ್ನು ಬರೆದಿಟ್ಟುಕೊಂಡು ಬಂದರೆ, ಅಂಗಡಿಗೆ ಹೋಗುವ ಮುನ್ನ ನಮ್ಮಲ್ಲಿರುವ ಡ್ರಮ್ಮುಗಳ ಪಕ್ಕದಲ್ಲಿ ಇಟ್ಟು ಕೇಳಿ ನೋಡೋಣ. ಬಣ್ಣವನ್ನು ಬರೆದುಕೊಂಡು ಬರುವ ಅಗತ್ಯವಿಲ್ಲ.